ಟಿಕೆಟ್ ಇದ್ದವರು ಪ್ರಯಾಣಿಕರು

ಲಾಂಡ್ರಿಯಮ್ಮನ ಮೂಗು ಸುಳ್ಳು ಹೇಳುವುದಿಲ್ಲ ಎಂಬುದು ಆ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ಒಪ್ಪದಿದ್ದರೆ ಬೇರೆ ದಾರಿಯೂ ಇರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಆಯುಷ್ಯ ಸವೆಸಿ ನಿವೃತ್ತಳಾದ ಹೆಂಗಸು ಆಕೆ. ಯಾವ ಚಾದರ ಯಾವ ವಾರ್ಡಿನದು ಎಂದು ಕಣ್ಣುಮುಚ್ಚಿ ಹೇಳುತ್ತಿದ್ದಳಂತೆ. ಕೆಲಸ ಬಿಟ್ಟರೂ ಚಟ ಬಿಡಲಿಲ್ಲ. ಮನೆಯಲ್ಲಿ ಇಬ್ಬರು ಸೊಸೆಯರಿದ್ದರೂ ಬಟ್ಟೆಯ ಬುಟ್ಟಿಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮೊದಲು ಜೇಬು ತಡಕುವುದು, ಆಮೇಲೆ ಮೂಸುವುದು, ಆಮೇಲೆ ನೀರಿಗೆ ಹಾಕುವುದು.

ಆ ದಿನ ಬೆಳಿಗ್ಗೆ ದೊಡ್ಡ ಮಗನ ಶರ್ಟು ಕೈಗೆ ಬಂದಾಗ ಅವಳು ಬಚ್ಚಲಲ್ಲಿ ಮಣೆಯ ಮೇಲೆ ಕೂತವಳು ಕೂತೇ ಇದ್ದಳು. ಜೇಬು ಖಾಲಿ. ಒಂದು ಚೂರು ಕಾಗದವಿಲ್ಲ, ಒಂದು ಚಿಲ್ಲರೆ ನಾಣ್ಯವಿಲ್ಲ. ವ್ಯಾನು ಓಡಿಸುವವನ ಜೇಬಿನಲ್ಲಿ ಏನೂ ಇಲ್ಲವೆಂದರೆ ಏನೋ ಇದೆ ಎಂದೇ ಅರ್ಥ. ಯಾರೋ ಮೊದಲೇ ಜಾಲಾಡಿಸಿ ಖಾಲಿ ಮಾಡಿದ್ದಾರೆ. ಶರ್ಟನ್ನು ಮೂಗಿಗೆ ಹಿಡಿದಳು. ಸೋಪಿನ ವಾಸನೆ, ಅದೂ ಮನೆಯ ಸೋಪಿನದಲ್ಲ. ಗುಲಾಬಿಯ ಹಾಗೆ ಇದ್ದೂ ಗುಲಾಬಿಯಲ್ಲದ, ಅಗ್ಗದ, ಮೂಗಿಗೆ ಹತ್ತುವ ವಾಸನೆ.

ರಾತ್ರಿ ಗೋಡೌನಿನಲ್ಲಿ ಕಾವಲು ಡ್ಯೂಟಿ ಎಂದು ಹೇಳಿ ಹೋಗುವ ಮಗ ಬೆಳಿಗ್ಗೆ ತಲೆ ಒದ್ದೆ ಮಾಡಿಕೊಂಡು, ಗಮಗಮ ಎನ್ನುತ್ತಾ ಮನೆಗೆ ಬರುತ್ತಿದ್ದಾನೆ. ಯಾವ ಗೋಡೌನಿನಲ್ಲಿ ಕಾವಲುಗಾರನಿಗೆ ಗುಲಾಬಿ ಸೋಪಿನ ಸ್ನಾನ ಮಾಡಿಸುತ್ತಾರೆ?

“ಯಾರೋ ಇದ್ದಾಳೆ” ಎಂದು ಲಾಂಡ್ರಿಯಮ್ಮ ಬಕೆಟಿಗೆ ಹೇಳಿದಳು.

ದೊಡ್ಡವನು, ಅವನ ಹೆಂಡತಿ, ಅವರ ಮಗಳು ಪುಟ್ಟಿ ಈ ಮನೆಗೆ ಬಂದು ಕೆಲವು ವಾರಗಳಾಗಿದ್ದವು. ಅವರಿದ್ದ ಬಾಡಿಗೆ ಕಟ್ಟಡವನ್ನು ಮಾಲೀಕ ಮಾರಿಬಿಟ್ಟಿದ್ದ. ಕೊಂಡವನು ಕೆಡವುತ್ತೇನೆಂದು ಎಲ್ಲರನ್ನೂ ಎಬ್ಬಿಸಿದ್ದ. “ನಾಲ್ಕು ದಿನ ಇರ್ತೀವಮ್ಮ, ಅಷ್ಟರಲ್ಲಿ ಒಂದು ಮನೆ ನೋಡ್ಕೋತೀನಿ” ಎಂದಿದ್ದ ದೊಡ್ಡವನು. ಆದರೆ ದೊಡ್ಡ ಸೊಸೆ ಪಾತ್ರೆಪಗಡೆಯ ಜೊತೆ ಕಿಟಕಿಯ ಪರದೆಗಳನ್ನೂ ಕಳಚಿ ತಂದಿದ್ದಳು. ಅದನ್ನು ನೋಡಿದ ಕೂಡಲೇ ಲಾಂಡ್ರಿಯಮ್ಮನಿಗೆ ತಿಳಿದುಹೋಗಿತ್ತು. ಪರದೆ ಕಳಚಿಕೊಂಡು ಬಂದವರು ನಾಲ್ಕು ದಿನಕ್ಕೆ ಬಂದವರಲ್ಲ.

ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ಒಳಕೋಣೆ ಚಿಕ್ಕ ಮಗ ಮತ್ತು ಚಿಕ್ಕ ಸೊಸೆಯದು. ಚಿಕ್ಕವನು ಲಿಫ್ಟು ರಿಪೇರಿ ಮಾಡುವವನು; ಚಿಕ್ಕ ಸೊಸೆ ನಗರಸಭೆಯ ಕಚೇರಿಯಲ್ಲಿ ಗುಮಾಸ್ತೆ. ಹೊರಕೋಣೆಯಲ್ಲಿ ಲಾಂಡ್ರಿಯಮ್ಮನ ಕಬ್ಬಿಣದ ಮಂಚ. ಆಸ್ಪತ್ರೆಯವರು ಹಳೆಯದನ್ನು ಹರಾಜು ಹಾಕಿದಾಗ ತಂದದ್ದು, ಅರ್ಧ ಕೋಣೆ ಅದೇ ನುಂಗಿತ್ತು. ಉಳಿದ ಅರ್ಧಕ್ಕೆ ದೊಡ್ಡ ಸೊಸೆ ತನ್ನ ಪರದೆಗಳಲ್ಲೊಂದನ್ನು ಹಗ್ಗಕ್ಕೆ ಹಾಕಿ ಮರೆ ಮಾಡಿಕೊಂಡಿದ್ದಳು. ಅದರ ಹಿಂದೆ ತಾಯಿ ಮಗಳು. ದೊಡ್ಡವನು ಬಾಗಿಲ ಬಳಿ.

ಬಾಗಿಲ ಬಳಿ ಎಂದರೆ ಬಾಗಿಲಿಗೆ ಅಡ್ಡವಾಗಿ. ಲಿಫ್ಟು ಕೆಟ್ಟರೆ ಹೊತ್ತುಗೊತ್ತಿಲ್ಲದೆ ಕರೆ ಬರುತ್ತಿದ್ದ ಚಿಕ್ಕವನು ಒಮ್ಮೆ ಒಳಗೆ ಬರುವಾಗ ಅಣ್ಣನ ಕಾಲು ತುಳಿದು, ಗೋಡೆಗೆ ಹಣೆ ಹೊಡೆದುಕೊಂಡಿದ್ದ. ಮರುದಿನ ಊಟಕ್ಕೆ ಕೂತಾಗ ಹಣೆಯ ಬುಗುಟು ಮಾತಾಡಿತು.

“ನನ್ನ ಮನೆ ಬಾಗಿಲು ನಂಗೇ ಪೂರ್ತಿ ತೆಗೆಯೋಕಾಗಲ್ಲ” ಎಂದ ಚಿಕ್ಕವನು ಆಲೂಗಡ್ಡೆ ಹಿಸುಕುತ್ತಾ.

“ನಿನ್ನ ಮನೆ ಅಂದ್ರೆ?” ಎಂದ ದೊಡ್ಡವನು.

“ಬಾಡಿಗೆ ಯಾರು ಕಟ್ತಾರೋ ಅವರ ಮನೆ.”

“ಅಮ್ಮನ ಪೆನ್ಷನ್ನೂ ಸೇರುತ್ತಲ್ಲ ಅದಕ್ಕೆ.”

“ನೀನು ಸೇರಿಸಿದ್ದು ಎಷ್ಟು, ಅದನ್ನ ಹೇಳಣ್ಣ.”

ಸೊಸೆಯರಿಬ್ಬರೂ ತಟ್ಟೆ ನೋಡುತ್ತಿದ್ದರು. ಲಾಂಡ್ರಿಯಮ್ಮನಿಗೆ ಯಾರ ಪಕ್ಷ ವಹಿಸುವುದೆಂದು ತೋಚಲಿಲ್ಲ. ಬಾಯಿಗೆ ಬಂದದ್ದನ್ನು ಆಡಿದಳು. “ಅವನಿಗೂ ನಿದ್ದೆ ಬೇಡ್ವೇನೋ? ದೊಡ್ಡವನಾದ್ಮೇಲೆ ದಾರಿ ಬಿಡೋದು ಕಲೀಬೇಕು.”

ಎರಡು ದಿನ ಕಳೆಯುವುದರೊಳಗೆ ದೊಡ್ಡವನು ಹೊಸ ಸುದ್ದಿ ತಂದ. ವ್ಯಾನಿನ ಕೆಲಸದ ಜೊತೆಗೆ ರಾತ್ರಿ ಗೋಡೌನಿನಲ್ಲಿ ಕಾವಲು ಸಿಕ್ಕಿದೆ, ಇನ್ನು ಮನೆಯಲ್ಲಿ ಮಲಗುವುದಿಲ್ಲ. ಎಲ್ಲರೂ ಒಳ್ಳೆಯದಾಯಿತು ಎಂದರು. ಲಾಂಡ್ರಿಯಮ್ಮನೂ ಎಂದಳು. ಆದರೆ ಆ ಕೆಲಸದ ಸಂಬಳ ಮಾತ್ರ ಮನೆಯ ಹೊಸ್ತಿಲು ದಾಟಲಿಲ್ಲ. ಬಂದದ್ದು ಸೋಪಿನ ವಾಸನೆಯೊಂದೇ.

ಬಟ್ಟೆ ಒಣಹಾಕುವಾಗ ದೊಡ್ಡ ಸೊಸೆಯನ್ನು ಹಿಡಿದಳು. ಆಕೆ ರೆಡಿಮೇಡ್ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು; ಕಡಿಮೆ ಮಾತು.

“ನಿನ್ನ ಗಂಡನ ಶರ್ಟು ಯಾವತ್ತಾದ್ರೂ ಮೂಸಿ ನೋಡಿದ್ದೀಯಾ?”

“ನೀವು ಯಾರಿಗೂ ಬಿಡಲ್ವಲ್ಲ ಅತ್ತೆ.”

“ಹಾಗಲ್ಲ. ಗೋಡೌನಿಗೆ ಯಾವತ್ತಾದ್ರೂ ಹೋಗಿದ್ದೀಯಾ?”

“ಯಾಕೆ?”

“ಯಾಕೂ ಇಲ್ಲ. ಗಂಡನ ಮೇಲೆ ಒಂದು ಕಣ್ಣಿಟ್ಟಿರಬೇಕು.”

“ಕಣ್ಣಿಡೋಕೂ ಜಾಗ ಬೇಕಲ್ಲ ಅತ್ತೆ” ಎಂದು ದೊಡ್ಡ ಸೊಸೆ ಕ್ಲಿಪ್ಪು ಸಿಕ್ಕಿಸಿ ಒಳಗೆ ಹೋದಳು.

ಇದು ಜಾಣತನವೋ ದಡ್ಡತನವೋ ಲಾಂಡ್ರಿಯಮ್ಮನಿಗೆ ಬಗೆಹರಿಯಲಿಲ್ಲ. ಎದುರುಮನೆಯ ಬಾಗಿಲು ಎಂದಿನಂತೆ ಒಂದು ಅಂಗೈಯಷ್ಟು ತೆರೆದಿತ್ತು. ಅಲ್ಲಿ ಇದ್ದವಳು ಅದೇ ದೊಡ್ಡಾಸ್ಪತ್ರೆಯಿಂದ ನಿವೃತ್ತಳಾದ ನರ್ಸಮ್ಮ. ಬಿಳಿ ಉಡುಪು ಹಾಕಿಕೊಂಡು ಓಡಾಡಿದವಳಿಗೂ ಅದನ್ನು ಒಗೆದವಳಿಗೂ ನಡುವೆ ಇರುವ ಗತ್ತು ನಿವೃತ್ತಿಯಾದರೂ ಇಳಿದಿರಲಿಲ್ಲ.

“ಮಗನ ಮನೆ ರಿಪೇರಿ ಇನ್ನೂ ನಡೀತಿದ್ಯಾ?” ಎಂದಳು ನರ್ಸಮ್ಮ.

“ನಡೀತಿದೆ. ಗಾರೆ ಕೆಲಸದೋರ ಹಣೆಬರಹ ಗೊತ್ತಲ್ಲ.”

“ಎಷ್ಟು ದೊಡ್ಡ ಮನೇನಮ್ಮಾ ಅದು! ಮುಗೀತಾನೇ ಇಲ್ಲ.”

ಲಾಂಡ್ರಿಯಮ್ಮ ನಕ್ಕು ಬಾಗಿಲು ಹಾಕಿಕೊಂಡಳು. ಮೈಯೆಲ್ಲ ಉರಿಯುತ್ತಿತ್ತು. ಮಕ್ಕಳಿಬ್ಬರಿಗೂ ಸೂರು ಇದೆ, ಯಾರ ಮುಂದೆಯೂ ಕೈ ಒಡ್ಡಿಲ್ಲ ಎಂಬುದೊಂದೇ ಅವಳಿಗೆ ಆ ನರ್ಸಮ್ಮನ ಮುಂದೆ ತಲೆ ಎತ್ತಿ ನಿಲ್ಲಲು ಇದ್ದ ಬಲ. ಈಗ ಆ ರಿಪೇರಿಯ ಸುಳ್ಳಿನ ಮೇಲೆ ಮಗನ ಬೇರೆ ಸಂಸಾರದ ಸುದ್ದಿಯೂ ಬಿದ್ದರೆ ಗತಿಯೇನು?

ಅದೇ ವಾರ ಚಿಕ್ಕ ಸೊಸೆ ಕಚೇರಿಯಿಂದ ಮುಖ ಊದಿಸಿಕೊಂಡು ಬಂದಳು. ಊರಿನಲ್ಲಿ ಮನೆಯಿಲ್ಲದವರು ಎಷ್ಟಿದ್ದಾರೆಂದು ಒಂದು ರಾತ್ರಿ ಎಣಿಸಬೇಕಂತೆ; ಗುಮಾಸ್ತರನ್ನೆಲ್ಲ ಅದಕ್ಕೆ ಹಾಕಿದ್ದರು. ಊರಾಚೆ ಹೊಸದಾಗಿ ಕಟ್ಟಿದ ಕೋಣೆಗಳನ್ನು ಆ ಲೆಕ್ಕದ ಮೇಲೆ ಹಂಚುತ್ತಾರಂತೆ. ದೊಡ್ಡವನು ಡ್ಯೂಟಿಗೆ ಹೊರಡುವ ಮುಂಚೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಬ್ರೆಡ್ಡು, ಮೊಟ್ಟೆ, ಬೇಯಿಸಿದ ತರಕಾರಿ.

“ಯಾರ್ಯಾರನ್ನ ಎಣಿಸ್ತೀರಿ?” ಎಂದ ಚಿಕ್ಕವನು.

“ಬೀದೀಲಿ ಮಲಗಿರೋರನ್ನ. ಸೇತುವೆ ಕೆಳಗೆ, ಅಂಗಡಿ ಮುಂದೆ, ಬಸ್‌ಸ್ಟ್ಯಾಂಡಲ್ಲಿ.”

“ಮಲಗದೆ ಕೂತಿದ್ರೆ?”

“ಕೂತಿದ್ರೆ ಕೇಳ್ಬೇಕು. ಟಿಕೆಟ್ ಇದ್ರೆ ಅವರು ಪ್ರಯಾಣಿಕರು, ಬರಕೋಬಾರದು. ಓಡಾಡ್ತಾ ಇದ್ರೆ ದಾರಿಹೋಕರು, ಬರಕೋಬಾರದು. ಆಸ್ಪತ್ರೆ ಜಗಲೀಲಿ ಇದ್ರೆ ರೋಗಿ ಕಡೆಯೋರು.”

“ರೋಗಿ ಮನೆಗೆ ಹೋಗಿ ತಿಂಗಳಾದ್ರೂ ರೋಗಿ ಕಡೆಯೋರಾಗೇ ಉಳಿದೋರನ್ನ ನಾನು ನೋಡಿದ್ದೀನಿ” ಎಂದಳು ಲಾಂಡ್ರಿಯಮ್ಮ. “ನಮ್ಮ ನಲ್ಲಿ ಹತ್ರಾನೇ ಬಟ್ಟೆ ಒಕ್ಕೋತಿದ್ರು. ಯಾರನ್ನ ನೋಡೋಕೆ ಬಂದಿದ್ದೀರಿ ಅಂದ್ರೆ ಖಾಲಿ ಮಂಚ ತೋರಿಸೋರು.”

“ಅವರನ್ನೂ ಬರಕೊಳ್ಳೋ ಹಾಗಿಲ್ಲ ಅತ್ತೆ.”

“ಹಾಗಾದ್ರೆ ಕೊನೆಗೆ ಎಷ್ಟು ಜನ ಸಿಗ್ತಾರೆ?” ಎಂದು ಚಿಕ್ಕವನು ನಕ್ಕ. “ನಮ್ಮೂರಲ್ಲಿ ಬಡತನಾನೇ ಇಲ್ಲ ಅಂತ ಬೋರ್ಡು ಹಾಕ್ಬಹುದು.”

ಪುಟ್ಟಿ ಬ್ರೆಡ್ಡಿನ ಅಂಚು ಕಡಿಯುತ್ತಾ ಕೇಳಿದಳು. “ಚಿಕ್ಕಮ್ಮ, ನಮ್ಮನ್ನೂ ಎಣಿಸ್ತೀರಾ?”

ಚಿಕ್ಕ ಸೊಸೆ ನೀರಿನ ಲೋಟಕ್ಕೆ ಕೈ ಚಾಚಿದಳು.

“ನಿನ್ನನ್ನ ಯಾಕೆ ಎಣಿಸ್ತಾರೆ?” ಎಂದಳು ಲಾಂಡ್ರಿಯಮ್ಮ ಜೋರಾಗಿ. “ನೀನು ಅಜ್ಜಿ ಮನೇಲಿ ಇದ್ದೀಯ. ತಿನ್ನು ಸುಮ್ನೆ.”

ದೊಡ್ಡವನು ತಲೆ ಎತ್ತದೆ ಕೇಳಿದ. “ಟಿಕೆಟ್ ತೋರಿಸಿದ್ರೆ ಸಾಕಾ? ಬೇರೇನೂ ಕೇಳಲ್ವಾ?”

“ಸಾಕು ಭಾವ.”

“ನಿನಗೆ ಯಾವ ಕಡೆ ಹಾಕಿದಾರೆ?”

“ಇನ್ನೂ ಹೇಳಿಲ್ಲ.”

ದೊಡ್ಡವನು ಅರ್ಧ ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಇವನಿಗ್ಯಾಕೆ ಬೇಕು ಎಣಿಕೆಯ ಉಸಾಬರಿ ಎಂದು ಲಾಂಡ್ರಿಯಮ್ಮ ಮನಸ್ಸಿನಲ್ಲೇ ಗಂಟು ಹಾಕಿಟ್ಟುಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಇತ್ತು ಅವನ ಮುಖ.

ಎಣಿಕೆ ಮುಗಿದ ಮರುದಿನ ಬೆಳಿಗ್ಗೆ ಚಿಕ್ಕ ಸೊಸೆ ನಿದ್ದೆಗೆಟ್ಟು, ಕಣ್ಣು ಕೆಂಪು ಮಾಡಿಕೊಂಡು ಬಂದಳು. ಟೀ ಕುಡಿಯಲಿಲ್ಲ. ಅತ್ತೆಯ ಮುಖ ನೋಡಲಿಲ್ಲ. ಅವಳ ಹಿಂದೆಯೇ ದೊಡ್ಡವನು ಬಂದ, ತಲೆ ಒದ್ದೆ. ಬಾಗಿಲಲ್ಲಿ ಇಬ್ಬರೂ ಎದುರಾದರು. ಲಾಂಡ್ರಿಯಮ್ಮ ಅಡುಗೆಮನೆಯಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು. ದೊಡ್ಡವನು ಇಲ್ಲ ಎನ್ನುವಂತೆ ಸಣ್ಣಗೆ ತಲೆಯಾಡಿಸಿದ. ಚಿಕ್ಕ ಸೊಸೆ ತುಟಿ ಕಚ್ಚಿಕೊಂಡಳು.

ಅಂದಿನಿಂದ ಇನ್ನಷ್ಟು ಕಂಡವು. ಚಿಕ್ಕ ಸೊಸೆ ಭಾವನಿಗೆಂದು ಎರಡು ಮೊಟ್ಟೆ ಬೇಯಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದಳು. ಒಳಕೋಣೆಯ ದಪ್ಪ ಹೊದಿಕೆ ಕಾಣೆಯಾಯಿತು. ಕೇಳಿದರೆ, “ಡ್ರೈಕ್ಲೀನಿಂಗಿಗೆ ಕೊಟ್ಟಿದ್ದೀನಿ ಅತ್ತೆ” ಎಂದಳು. ಲಾಂಡ್ರಿಯಲ್ಲಿ ಬಾಳು ಸವೆಸಿದವಳಿಗೆ ಆ ಹೊದಿಕೆಯ ವಿಷಯ ಗೊತ್ತಿರಲಿಲ್ಲವೆ? ಅದು ಮನೆಯಲ್ಲೇ ಒಗೆಯುವ ಹೊದಿಕೆ. ಸುಳ್ಳು ಹೇಳುವವರು ಕೇಳುವವರ ಕಸುಬನ್ನಾದರೂ ನೋಡಿ ಹೇಳಬೇಕು.

ಅವಳಿಗೂ ಗೊತ್ತಿದೆ. ಆ ಹೆಂಗಸು ಯಾರೆಂದು ಗೊತ್ತಿದ್ದೂ ಮುಚ್ಚಿಡುತ್ತಿದ್ದಾಳೆ. ಲಾಂಡ್ರಿಯಮ್ಮನ ಲೆಕ್ಕ ಹೀಗೆ ಪಕ್ಕಾ ಆಯಿತು.

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಮನೆಯಲ್ಲಿ ಅವಳು, ಜ್ವರವೆಂದು ಶಾಲೆಗೆ ಹೋಗದ ಪುಟ್ಟಿ, ಇಬ್ಬರೇ. ಹೊರಗೆ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಗಂಡಸು, ಕಂಕುಳಲ್ಲಿ ಕಡತ. ಅವನ ಬೆನ್ನ ಹಿಂದೆ ಎದುರುಮನೆಯ ಬಾಗಿಲು ಅಂಗೈಯಷ್ಟರಿಂದ ಮೊಳದಷ್ಟಾಯಿತು.

“ಈ ಮನೇಲಿ ರಾತ್ರಿ ಎಷ್ಟು ಜನ ಮಲಗ್ತಾರಮ್ಮ?”

ಮನೆಯ ಮಾಲೀಕ ಕಳಿಸಿದವನಿರಬೇಕು ಎಂದು ಮೊದಲು ಅನಿಸಿತು. ಹೆಚ್ಚು ಜನ ಇದ್ದಾರೆಂದು ಗೊತ್ತಾದರೆ ಬಾಡಿಗೆ ಏರಿಸುತ್ತಾನೆ. “ಯಾಕೆ ಬೇಕು?” ಎಂದಳು.

“ನಿಮ್ಮ ದೊಡ್ಡ ಮಗನ ವಿಷಯ. ವ್ಯಾನ್ ಡ್ರೈವರ್ ಅಲ್ವಾ? ಅವರು ರಾತ್ರಿ ಎಲ್ಲಿ ಮಲಗ್ತಾರೆ?”

ಮಾಲೀಕನ ಕಡೆಯವನಲ್ಲ, ಇವನು ಆ ಕಡೆಯವನು. ಆ ಹೆಂಗಸಿನ ಅಣ್ಣನೋ, ಇಲ್ಲ ಅವಳ ಗಂಡನೇ ಕಳಿಸಿದವನೋ. ನರ್ಸಮ್ಮನ ಕಿವಿ ಅಲ್ಲೇ ಇದೆ. ಮೊದಲ ಮಹಡಿಯವರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು.

“ಎಲ್ಲಿ ಮಲಗ್ತಾನೆ ಅಂದ್ರೆ? ಹೆತ್ತತಾಯಿ ಮನೇಲಿ ಮಲಗ್ತಾನೆ! ಇಲ್ಲೇ, ಈ ಮಂಚದ ಮೇಲೆ. ಬನ್ನಿ, ಕಣ್ಣಾರೆ ನೋಡಿ.”

“ದಿನಾ?”

“ದಿನಾ. ಒಂದು ದಿನ ತಪ್ಪಿಸಿಲ್ಲ.”

“ಅಜ್ಜೀ, ಅಪ್ಪ...” ಎಂದಳು ಪುಟ್ಟಿ ಪರದೆಯ ಹಿಂದಿನಿಂದ.

“ನೀನು ಮಲಕ್ಕೋ! ಜ್ವರದಲ್ಲಿ ಬಡಬಡಿಸ್ತಾಳೆ ಸಾರ್.”

ಆ ಮನುಷ್ಯ ಮಂಚ ನೋಡಿದ. ಮಡಿಸಿಟ್ಟ ಚಾದರ ನೋಡಿದ. “ಅವರು ಬಸ್‌ಸ್ಟ್ಯಾಂಡಲ್ಲಿ ಮಲಗ್ತಾರೆ ಅಂತ ಒಬ್ಬರು ಬರೆದಿದ್ದಾರೆ” ಎಂದ.

“ಯಾವಳು ಬರೆದಳು? ಅವಳ ಕೈ ಸೇದಿಹೋಗ! ನನ್ನ ಮಗ ಭಿಕ್ಷುಕ ಏನು?”

“ಸರಿ ಬಿಡಿಯಮ್ಮ” ಎಂದು ಅವನು ಕಡತದಲ್ಲಿ ಒಂದು ಗೀಟು ಎಳೆದು ಮೆಟ್ಟಿಲಿಳಿದ. ಗೆದ್ದೆನೆಂದುಕೊಂಡಳು ಲಾಂಡ್ರಿಯಮ್ಮ. ಬಾಗಿಲು ಹಾಕುವ ಮುನ್ನ ನರ್ಸಮ್ಮನ ಕಡೆಗೊಂದು ನೋಟ ಬೀರಿದಳು. ಆಮೇಲೆ ಮೊಮ್ಮಗಳಿಗೆ ಹಾಲು ಬಿಸಿ ಮಾಡಿಕೊಟ್ಟು, ಎಂದಿಗಿಂತ ಹಗುರಾಗಿ ಬಟ್ಟೆ ಮಡಿಸುತ್ತಾ ಕೂತಳು.

ಸಂಜೆ ಚಿಕ್ಕ ಸೊಸೆ ಚಪ್ಪಲಿ ಬಿಚ್ಚದೆ ಒಳಗೆ ನುಗ್ಗಿದಳು. ದೊಡ್ಡ ಸೊಸೆ ಆಗಷ್ಟೇ ಕಾರ್ಖಾನೆಯಿಂದ ಬಂದು ಈರುಳ್ಳಿ ಹೆಚ್ಚುತ್ತಿದ್ದಳು. ಚಿಕ್ಕವನು ನಲ್ಲಿಯ ವಾಷರು ಬದಲಿಸುತ್ತಿದ್ದ.

“ಮಧ್ಯಾಹ್ನ ಬಂದೋರಿಗೆ ಏನಂದ್ರಿ ಅತ್ತೆ?”

“ಏನನ್ಬೇಕೋ ಅದನ್ನೇ ಅಂದೆ. ಆ ಮನೆಹಾಳಿ ಕಡೆಯೋನು...”

“ಅವರು ನಮ್ಮ ಆಫೀಸಿನ ಮೇಲ್ವಿಚಾರಕರು! ಎಲ್ಲರ ಮುಂದೆ ನನ್ನ ನಿಲ್ಲಿಸಿ, ಸ್ವಂತ ಭಾವನ ಹೆಸರು ಸುಳ್ಳು ಸುಳ್ಳೇ ಸೇರಿಸಿದ್ದೀಯ, ಕೋಣೆ ಹೊಡಿಯೋಕೆ ನೋಡ್ತಿದ್ದೀಯ ಅಂದ್ರು. ಆ ಕೈ ಸೇದಿಹೋಗ್ಲಿ ಅಂದ್ರಂತಲ್ಲ ನೀವು, ಅದು ನನ್ನ ಕೈ. ಬರೆದೋಳು ನಾನು.”

ಈರುಳ್ಳಿ ಹೆಚ್ಚುವ ಸದ್ದು ನಿಂತಿತು.

“ಏನು ಬರೆದೆ?” ಎಂದಳು ದೊಡ್ಡ ಸೊಸೆ.

ಚಿಕ್ಕ ಸೊಸೆ ಅವಳ ಕಡೆ ತಿರುಗಿದಳು. ಕೋಪವೆಲ್ಲ ಅಲ್ಲೇ ಇಳಿದುಹೋಯಿತು. “ಅಕ್ಕ, ಗೋಡೌನೂ ಇಲ್ಲ, ಕಾವಲೂ ಇಲ್ಲ. ಭಾವ ಬಸ್‌ಸ್ಟ್ಯಾಂಡಲ್ಲಿ ಮಲಗ್ತಾರೆ. ನಾನು ಎಣಿಸೋಕೆ ಹೋದಾಗ ಕೊನೇ ಬೆಂಚಲ್ಲಿ ಕೂತಿದ್ರು. ಟಾರ್ಚು ಬಿಟ್ಟೆ. ನನ್ನ ಮುಖ ನೋಡಿ ಜೇಬಿಂದ ಟಿಕೆಟ್ ತೆಗೆದು ತೋರಿಸಿದ್ರು. ಬೆಳಗಿನ ಮೊದಲನೇ ಬಸ್ಸಿಂದು, ಅತೀ ಹತ್ತಿರದ ಸ್ಟಾಪಿಂದು. ಗಾರ್ಡು ಎಬ್ಬಿಸಬಾರದು ಅಂತ ದಿನಾ ತಗೋತಾರಂತೆ. ನನ್ನ ಜೊತೆಗಿದ್ದೋನು ‘ಪ್ರಯಾಣಿಕ’ ಅಂದು ಮುಂದೆ ಹೋದ. ನಾನು ಆಮೇಲೆ ಕೂತ್ಕೊಂಡು ಹೆಸರು ಸೇರಿಸಿದೆ.”

“ಮತ್ತೆ ಸೋಪು?” ಎಂದುಬಿಟ್ಟಳು ಲಾಂಡ್ರಿಯಮ್ಮ.

“ಯಾವ ಸೋಪು?”

“ಗುಲಾಬಿ ಸೋಪು. ಶರ್ಟಲ್ಲಿ.”

“ಬಸ್‌ಸ್ಟ್ಯಾಂಡಿನ ಬಚ್ಚಲಲ್ಲಿ ಗೋಡೆಗೆ ಡಬ್ಬಿ ಹಾಕಿರ್ತಾರಲ್ಲ ಅತ್ತೆ, ಒತ್ತಿದ್ರೆ ಕೆಂಪಗೆ ಬೀಳುತ್ತೆ. ಅದು.”

ಲಾಂಡ್ರಿಯಮ್ಮ ಮಂಚದ ಅಂಚಿಗೆ ಕೂತಳು. ಮೂಗು ಸುಳ್ಳು ಹೇಳಿರಲಿಲ್ಲ. ಅದನ್ನು ಕೇಳಿ ಮನಸ್ಸು ಕಟ್ಟಿದ ಕಥೆಯೇ ಹಾಳು ಕಥೆ. ಮಗ ಬೆಂಚಿನ ಮೇಲೆ ಕೂತೇ ರಾತ್ರಿ ಕಳೆಯುತ್ತಿದ್ದಾಗ ಅವಳು ಅವನ ಶರ್ಟಿನಲ್ಲಿ ಹೆಂಗಸನ್ನು ಹುಡುಕುತ್ತಿದ್ದಳು.

ದೊಡ್ಡ ಸೊಸೆ ಅಳಲಿಲ್ಲ. ಈಳಿಗೆಯನ್ನು ಪಕ್ಕಕ್ಕಿಟ್ಟು ಕೇಳಿದಳು. “ನಂಗೊಂದು ಮಾತು ಹೇಳ್ಬೇಕು ಅಂತ ಯಾರಿಗೂ ಅನ್ನಿಸ್ಲಿಲ್ವಾ?”

“ಹೇಳಿದ್ರೆ ಊರಾಚೆ ಹೊಳೆಗೆ ಬಿದ್ದುಬಿಡ್ತೀನಿ ಅಂದ್ರು ಅಕ್ಕ.”

“ಬಿದ್ರೆ ಏನಾಗುತ್ತೆ, ಅವರಿಗೆ ಈಜು ಬರುತ್ತೆ” ಎಂದಳು ದೊಡ್ಡ ಸೊಸೆ. ಚಿಕ್ಕವನಿಗೆ ನಗು ಬಂತು, ಆದರೆ ನಗಲು ಮುಖವಿರಲಿಲ್ಲ. ಕೈಯಲ್ಲಿದ್ದ ವಾಷರನ್ನು ಹಿಂದೆ ಮುಂದೆ ತಿರುಗಿಸುತ್ತಾ ನಿಂತಿದ್ದ. “ಬಾಗಿಲಿನ ಮಾತು ನಾನು ಆಡಬಾರದಿತ್ತು” ಎಂದ ಯಾರಿಗೂ ಅಲ್ಲದಂತೆ.

ಅಷ್ಟರಲ್ಲಿ ದೊಡ್ಡವನು ಊಟಕ್ಕೆಂದು ಬಂದ. ಎಲ್ಲರ ಮುಖ ನೋಡಿದ. ಚಿಕ್ಕ ಸೊಸೆಯ ಮುಖ ಕೊನೆಗೆ ನೋಡಿದ.

“ಹೇಳಿಬಿಟ್ಟೆ ಭಾವ.”

“ಹೂಂ” ಎಂದು ಅವನು ಬಾಗಿಲ ಬಳಿಯೇ ಕೂತ. ಅದು ಅವನ ಹಳೆಯ ಜಾಗ.

ಲಾಂಡ್ರಿಯಮ್ಮ ಎದ್ದವಳೇ ಮಂಚದ ಮೇಲಿನ ಹಾಸಿಗೆ ಸುತ್ತತೊಡಗಿದಳು. “ಚಿಕ್ಕವನೇ, ಇದರ ನಟ್ಟು ಬಿಚ್ಚು. ಗುಜರಿಯವನಿಗೆ ಕೊಡು. ಇವನು ಇವತ್ತಿಂದ ಇಲ್ಲೇ ಮಲಗ್ತಾನೆ. ನಾನು ಅಡುಗೆಮನೇಲಿ ಮಲಗ್ತೀನಿ.”

“ಬೇಡಮ್ಮ” ಎಂದ ದೊಡ್ಡವನು.

“ಬೇಡ ಅನ್ನೋಕೆ ನೀನ್ಯಾರೋ?”

“ಅತ್ತೆ, ಸ್ವಲ್ಪ ತಡೀರಿ” ಎಂದಳು ಚಿಕ್ಕ ಸೊಸೆ. ಅವಳು ಚಪ್ಪಲಿಯನ್ನು ಆಗ ಬಿಚ್ಚಿ ಮೂಲೆಗಿಟ್ಟಳು. “ನಾನು ಜಗಳ ಆಡಿದ್ಮೇಲೆ ಅವರು ಒಂದು ಮಾತು ಕೊಟ್ಟಿದಾರೆ. ಬರೋ ಶುಕ್ರವಾರ ಬಸ್‌ಸ್ಟ್ಯಾಂಡಲ್ಲಿ ಇನ್ನೊಂದು ಸಲ ಎಣಿಸ್ತಾರೆ. ನನ್ನನ್ನ ಕಳಿಸಲ್ಲ, ಬೇರೆಯವರು ಬರ್ತಾರೆ. ಅವತ್ತು ಅಲ್ಲಿ ಸಿಕ್ಕಿದ್ರೆ ಬರಕೋತಾರೆ. ಮನೇಲಿದ್ರೆ ಇಲ್ಲ.”

“ಸರಿ, ಹಾಗಾದ್ರೆ ಶುಕ್ರವಾರದ ತನಕ ಅವನು...” ಎಂದಳು ಲಾಂಡ್ರಿಯಮ್ಮ.

“ಅಷ್ಟೇ ಅಲ್ಲ. ಒಂಟಿ ಗಂಡಸು ಸಿಕ್ಕಿದ್ರೆ ಸಾಲಾಗಿ ಮಂಚ ಹಾಕಿರೋ ದೊಡ್ಡ ಹಾಲ್‌ನಲ್ಲಿ ಒಂದು ಮಂಚ ಕೊಡ್ತಾರೆ. ಕೋಣೆ ಕೊಡೋದು ಸಂಸಾರಕ್ಕೆ. ಸಂಸಾರ ಅಂದ್ರೆ ಗಂಡ ಹೆಂಡತಿ ಮಗು ಮೂರೂ ಜನ ಅಲ್ಲೇ ಸಿಗ್ಬೇಕು. ಟಿಕೆಟ್ ಇರಬಾರದು.”

ಲಾಂಡ್ರಿಯಮ್ಮ ಸುತ್ತುತ್ತಿದ್ದ ಹಾಸಿಗೆಯನ್ನು ಮಂಚದ ಮೇಲೇ ಬಿಟ್ಟಳು.

“ಜ್ವರ ಬಂದ ಮಗೂನ ಬೆಂಚಿನ ಮೇಲೆ ಮಲಗಿಸ್ಬೇಕಾ?” ಎಂದಳು ಲಾಂಡ್ರಿಯಮ್ಮ. “ಇಲ್ಲಿ ಪರದೆ ಹಿಂದೆ ಮಲಗಿದ್ರೆ ಅವರಿಗೆ ಮನೆ ಇದೆ ಅಂತ ಅರ್ಥಾನಾ?”

“ಲೆಕ್ಕದಲ್ಲಿ ಹಾಗೇ ಅತ್ತೆ. ಸೂರಿನ ಕೆಳಗಿದ್ರೆ ಮನೆ ಇದ್ದೋರು. ಯಾರ ಸೂರು ಅಂತ ಕೇಳೋ ಜಾಗಾನೇ ಅದರಲ್ಲಿಲ್ಲ.”

“ನಾನು ಹೋಗ್ತೀನಿ” ಎಂದಳು ದೊಡ್ಡ ಸೊಸೆ. “ಪುಟ್ಟೀನೂ ಬರ್ತಾಳೆ.”

“ನಾಲ್ಕು ಜನ ನೋಡ್ತಾರೆ ಕಣೇ!”

“ನೋಡಲಿ ಅಂತಾನೇ ಹೋಗೋದು ಅತ್ತೆ. ಇಷ್ಟು ದಿನ ಯಾರಿಗೂ ಕಾಣದ ಹಾಗೆ ಇದ್ದು ಏನು ಸಿಕ್ತು?”

ಗಂಡನ ಕಡೆ ಅವಳು ನೋಡಲಿಲ್ಲ. ಆದರೆ ಅವನ ತಟ್ಟೆಗೆ ಅನ್ನ ಬಡಿಸುವಾಗ ಎಂದಿಗಿಂತ ಒಂದು ಸೌಟು ಜಾಸ್ತಿ ಹಾಕಿದಳು.

ಶುಕ್ರವಾರದವರೆಗೆ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಮರ್ಯಾದೆ ಕೊಡತೊಡಗಿದರು; ಅದು ಜಗಳಕ್ಕಿಂತ ಕಷ್ಟವಾಗಿತ್ತು. ಚಿಕ್ಕವನು ಅಣ್ಣನಿಗೆ ಬೆಚ್ಚನೆಯ ಕೋಟು ಕೊಟ್ಟ. ಅಣ್ಣ ಅದನ್ನು ಹಾಕಿಕೊಳ್ಳಲಿಲ್ಲ, ಒಳ್ಳೆಯ ಕೋಟು ಹಾಕಿದವನನ್ನು ಬರೆದುಕೊಳ್ಳುವುದಿಲ್ಲವೇನೋ ಎಂದು. ಪುಟ್ಟಿಯ ಜ್ವರ ಇಳಿಯಿತು. ಲಾಂಡ್ರಿಯಮ್ಮ ಮಾತ್ರ ಸಿಕ್ಕಿದ್ದಕ್ಕೆಲ್ಲ ಅನುಮಾನಪಟ್ಟಳು. ಆ ಮೇಲ್ವಿಚಾರಕನ ಮಾತು ನಿಜವೋ, ಇನ್ನೊಂದು ಸಲ ಅವಮಾನ ಮಾಡಲು ಹೂಡಿದ ಆಟವೋ? ಬರೆದುಕೊಂಡವರಿಗೆ ಕೋಣೆ ಕೊಡುತ್ತಾರೋ, ಬರೆದುಕೊಂಡು ಸುಮ್ಮನಾಗುತ್ತಾರೋ? ಚಿಕ್ಕ ಸೊಸೆಯನ್ನು ಕೇಳಿದರೆ, “ನಂಗೂ ಅದೇ ಅನುಮಾನ ಅತ್ತೆ” ಎಂದಳು. ಅತ್ತೆ ಸೊಸೆಗೆ ಒಂದೇ ಅನುಮಾನ ಬಂದದ್ದು ಆ ಮನೆಯಲ್ಲಿ ಅದೇ ಮೊದಲು.

ಶುಕ್ರವಾರ ಹೊತ್ತು ಮುಳುಗುವಾಗ ಮೂವರೂ ಹೊರಟು ನಿಂತರು. ಏನು ಒಯ್ಯಬೇಕು ಎಂಬುದೇ ತಿಳಿಯುತ್ತಿರಲಿಲ್ಲ. ಊರಿಗೆ ಹೋಗುವವರಿಗೆ ಚೀಲ ಕಟ್ಟಿಕೊಟ್ಟು ಅಭ್ಯಾಸ. ಮನೆಯಿಲ್ಲದವರಾಗಿ ಹೋಗುವವರಿಗೆ ಏನು ಕಟ್ಟಿಕೊಡುವುದು? ದೊಡ್ಡ ಸೂಟ್‌ಕೇಸು ಬೇಡ ಎಂದಳು ಚಿಕ್ಕ ಸೊಸೆ, ಪ್ರಯಾಣಿಕರ ಹಾಗೆ ಕಾಣುತ್ತದೆ. ಲಾಂಡ್ರಿಯಮ್ಮ ಹಗ್ಗದಿಂದ ಪರದೆ ಕಳಚಿ, ಕೊಡವಿ, ಅಂಚಿಗೆ ಅಂಚು ಸೇರಿಸಿ ಮಡಿಸಿದಳು. “ಬೆಂಚು ತಣ್ಣಗಿರುತ್ತೆ. ಮಗೂ ಕೆಳಗೆ ಹಾಸು” ಎಂದು ಸೊಸೆಯ ಕೈಗಿಟ್ಟಳು.

ಆಮೇಲೆ ಮಗನ ಎದುರಿಗೆ ನಿಂತು, ಹೇಳದೆ ಕೇಳದೆ ಅವನ ಶರ್ಟಿನ ಜೇಬಿಗೆ ಕೈ ಹಾಕಿದಳು. ಒಗೆಯುವ ಮುಂಚೆ ಹಾಕುವ ಹಾಗೆ, ಮೂಲೆಯವರೆಗೆ. ಒಂದು ಟಿಕೆಟ್ ಬಂತು.

“ಇದ್ಯಾಕೋ?”

“ಗಾರ್ಡು ಎಬ್ಬಿಸ್ತಾನಮ್ಮ.”

“ಎಬ್ಬಿಸ್ಲಿ.”

“ಯಾರಾದ್ರೂ ಗುರುತಿನೋರು ಬಂದ್ರೆ, ಊರಿಗೆ ಹೊರಟಿದ್ದೀವಿ ಅಂತ ಹೇಳ್ಬಹುದು ಅಂತ...” ಬೆಳೆದ ಮಗ, ಕೂದಲು ನರೆಯುತ್ತಿದ್ದವನು, ಜೇಬು ಹಿಡಿದುಕೊಂಡು ಶಾಲೆಯ ಹುಡುಗನಂತೆ ನಿಂತಿದ್ದ. ಅವನನ್ನು ಎಳೆದು ಒಳಗೆ ಕೂರಿಸಿ ಬಾಗಿಲು ಹಾಕಿಬಿಡಬೇಕು ಎನಿಸಿತು ಅವಳಿಗೆ. ಟಿಕೆಟನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿದಳು.

“ಗುರುತಿನೋರು ಬಂದ್ರೆ ನಿಜ ಹೇಳು” ಎಂದಳು. “ನಡಿ, ಹೊತ್ತಾಯ್ತು.”

ಮೂವರೂ ಹೊಸ್ತಿಲು ದಾಟಿದರು. ಎದುರುಮನೆಯ ಬಾಗಿಲು ಪೂರ್ತಿ ತೆರೆದಿತ್ತು. ನರ್ಸಮ್ಮ ಹೊರಗೇ ನಿಂತಿದ್ದಳು, ಮುಖದ ತುಂಬ ನಗು.

“ಅಂತೂ ರಿಪೇರಿ ಮುಗೀತು ಅನ್ನಿ! ಮನೆಗೆ ಹೊರಟ್ರಾ?”

ದೊಡ್ಡವನು ನೆಲ ನೋಡಿದ. ಚಿಕ್ಕವನು ಏನೋ ಹೇಳಲು ಬಾಯಿ ತೆರೆದ. ಲಾಂಡ್ರಿಯಮ್ಮ ಕೈಯೆತ್ತಿ ಅವನನ್ನು ತಡೆದಳು. ಮುಷ್ಟಿಯೊಳಗೆ ಟಿಕೆಟ್ ಚುಚ್ಚುತ್ತಿತ್ತು.

“ಇಲ್ಲಮ್ಮ. ಅವರಿಗೆ ಮನೆ ಇಲ್ಲ” ಎಂದಳು. “ರಿಪೇರಿ ಅಂತ ನಾನು ಸುಳ್ಳು ಹೇಳ್ತಿದ್ದೆ. ಬಸ್‌ಸ್ಟ್ಯಾಂಡಲ್ಲಿ ಮಲಗೋಕೆ ಹೋಗ್ತಿದಾರೆ, ಮೂರೂ ಜನ. ಮನೆಯಿಲ್ಲದೋರನ್ನ ಎಣಿಸೋರು ಬರ್ತಾರಂತೆ.”

ನರ್ಸಮ್ಮನ ನಗು ಮುಖದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತು. ಒಳಗೆ ಹೋದಳು. ಮತ್ತೆ ಬಂದಾಗ ಕೈಯಲ್ಲಿ ಒಂದು ಉಣ್ಣೆಯ ಟೋಪಿ ಇತ್ತು. ಅದನ್ನು ಪುಟ್ಟಿಯ ತಲೆಗೆ ಎಳೆದು ಹಾಕಿದಳು.

ಮೂವರೂ ಮೆಟ್ಟಿಲಿಳಿದರು. ಪುಟ್ಟಿ ತಿರುವಿನಲ್ಲಿ ನಿಂತು, “ಅಜ್ಜಿ, ನೀನು ಬರಲ್ವಾ?” ಎಂದು ಕೂಗಿದಳು. ಲಾಂಡ್ರಿಯಮ್ಮ ಕೈ ಬೀಸಿದಳು, ಹೋಗು ಎಂದು. ಹೆಜ್ಜೆಯ ಸದ್ದು ಒಂದೊಂದೇ ಮಹಡಿ ಇಳಿದು ಬೀದಿಗೆ ಸೇರಿತು.

ಚಿಕ್ಕವನು ಬಾಗಿಲಿಗೆ ಕೈ ಇಟ್ಟ. ಅದು ಸರಾಗವಾಗಿ ಹಿಂದಕ್ಕೆ ಹೋಗಿ ಗೋಡೆಗೆ ತಾಗಿತು. ನಡುವೆ ಹಾಸಿಗೆಯಿಲ್ಲ, ಯಾರ ಕಾಲೂ ಇಲ್ಲ. ಅವನು ಅದನ್ನೇ ನೋಡುತ್ತಾ ನಿಂತ.

“ಇಷ್ಟು ಹೊತ್ತಿಗೇ ಹಾಕೋದು ಬೇಡ ಅಲ್ವಾಮ್ಮ? ಪುಟ್ಟಿ ಅತ್ತು ಹಟ ಮಾಡಿ ವಾಪಸ್ ಬಂದ್ರೆ?”

“ಹಾಕು” ಎಂದಳು ಲಾಂಡ್ರಿಯಮ್ಮ. “ಮೇಲಿನ ಚಿಲಕಾನೂ ಹಾಕು, ನನ್ನ ಕೈಗೆ ಎಟುಕದ ಹಾಗೆ. ಅವಳು ವಾಪಸ್ ಬಂದ್ರೆ ನಾನು ತೆಗೆದುಬಿಡ್ತೀನಿ.”